ಪಣತ ಕಾಯ್ದದ್ದು ಸೊಪ್ಪಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಾವಯವದ ಮಾತು ಬಂದಲ್ಲೆಲ್ಲ ಒಂದು ಕಥೆ ಹೇಳುತ್ತಾರೆ. ಹಿಂದಿನವರು ಭತ್ತ ಕೂಡಿಡುವ ಹಲಗೆಯ ಪಣತಕ್ಕೆ ಬೇವಿನ ಸೊಪ್ಪು ಹಾಕುತ್ತಿದ್ದರು, ಲಕ್ಕಿ ಸೊಪ್ಪು ಹಾಕುತ್ತಿದ್ದರು, ಬಜೆಯ ಬೇರು ಇಡುತ್ತಿದ್ದರು. ಮಳೆಗಾಲ ಕಳೆದರೂ ಒಂದು ಹುಳು ಕಾಣುತ್ತಿರಲಿಲ್ಲ. ನಾವು ಅದನ್ನು ಬಿಟ್ಟೆವು, ವಿಷದ ಮಾತ್ರೆಗೆ ಕೈಚಾಚಿದೆವು. ಮತ್ತೆ ಸೊಪ್ಪಿಗೆ ಮರಳಿದರೆ, ಇಲ್ಲವೇ ಅದರ ಕಷಾಯವನ್ನೋ ಅರ್ಕವನ್ನೋ ಬಳಸಿದರೆ, ಎಲ್ಲ ಸರಿಹೋಗುತ್ತದೆ. ನಂದೊಳ್ಳಿಯಂಥ ಹಳ್ಳಿಯ ಜಗಲಿಯಲ್ಲೂ ಇದನ್ನು ಕೇಳಿದ್ದೇನೆ, ಶಿರಸಿಯ ಸಭೆಗಳಲ್ಲೂ ಕೇಳಿದ್ದೇನೆ. ಯಾರೂ ತಡೆದು ಪ್ರಶ್ನೆ ಹಾಕಿದ್ದನ್ನು ಮಾತ್ರ ಕಂಡಿಲ್ಲ. ಹಿರಿಯರ ಹೆಸರು ಹೊತ್ತು ಬಂದ ಮಾತನ್ನು ಅಡ್ಡಗಟ್ಟಲು ನಮಗೆ ಸಂಕೋಚ.

ಈ ಮಾತು ತಪ್ಪು. ಉಣ್ಣುವ ಅನ್ನಕ್ಕೆ ಸಂಬಂಧಿಸಿದ್ದರಿಂದ ಅಪಾಯದ ತಪ್ಪು. ಪಣತದ ಭತ್ತವನ್ನು ಕಾಯ್ದದ್ದು ಅದರ ಉಮಿ, ಅದನ್ನು ಒಣಗಿಸಿದ ಬಿಸಿಲು, ಒಲೆಯ ಬಿಸಿ ತಾಗುವ ಜಾಗ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಹೆಂಗಸರ ದುಡಿಮೆ. ಸೊಪ್ಪು ಇದ್ದಿರಬಹುದು, ಕೊನೆಯಲ್ಲಿ ಮೇಲೆ ಹಾಸಿದ ಪದರವಾಗಿ. ಕೆಳಗಿನದನ್ನೆಲ್ಲ ಕಿತ್ತುಹಾಕಿ ಆ ಪದರವೊಂದನ್ನೇ ಸಂಪ್ರದಾಯ ಎಂದು ಹಂಚುತ್ತಿರುವುದಕ್ಕೆ ನನ್ನ ವಿರೋಧ.

ಮೊದಲು ಬೇವಿನ ವಿಚಾರ. ಬೇವು ಒಣನಾಡಿನ ಮರ. ವರ್ಷಕ್ಕೆ 2000 ಮಿ.ಮೀ. ದಾಟಿ ಮಳೆ ಹೊಯ್ಯುವ ಘಟ್ಟದ ಮೇಲಿನ ನಮ್ಮ ಸೀಮೆ ಅದರದ್ದಲ್ಲ. ಇಲ್ಲಿ ಕಾಣುವ ಬೇವು ಯಾರೋ ತಂದು ನೆಟ್ಟದ್ದು. ಮುಂಡಗೋಡ ದಾಟಿ ಹುಬ್ಬಳ್ಳಿಯತ್ತ ಇಳಿದ ಮೇಲೆ ಅದು ಸಾಲುಸಾಲಾಗಿ ಸಿಗುತ್ತದೆ. ಹಾಗಿರುವಾಗ ನಂದೊಳ್ಳಿಯ ಪಣತಗಳನ್ನು ತಲೆತಲಾಂತರ ಬೇವು ಕಾಯ್ದಿತೆಂಬ ಕಥೆ ಎಲ್ಲಿಂದ ಬಂತು? ಬಯಲುಸೀಮೆಯ ರೂಢಿಯೊಂದು ಪುಸ್ತಕ, ಭಾಷಣ, ಮೊಬೈಲುಗಳ ದಾರಿ ಹಿಡಿದು ಘಟ್ಟ ಹತ್ತಿ, ನಮ್ಮ ಅಜ್ಜಿಯರ ಹೆಸರಿಗೆ ಅಂಟಿಕೊಂಡಿತು. ಸ್ಥಳೀಯ ಜ್ಞಾನವನ್ನು ಉಳಿಸುತ್ತೇವೆ ಎನ್ನುವವರು ಸ್ಥಳವನ್ನೇ ನೋಡದೆ ಮಾತಾಡಿದ್ದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ನನಗೆ ಗೊತ್ತಿಲ್ಲ.

ಮರ ಎಲ್ಲಿಂದಲೋ ಬರಲಿ, ಎಲೆ ಕೆಲಸ ಮಾಡಿದರೆ ಸಾಕಲ್ಲ ಎನ್ನಬಹುದು. ಮಾಡುತ್ತದೆಯೇ ಎಂದು ತಿಳಿಯಲು ಹುಳುವಿನ ಬದುಕನ್ನು ನೋಡಬೇಕು. ಅಕ್ಕಿಯಲ್ಲಿ ಕಾಣುವ ಕಪ್ಪು ಸೊಂಡಿಲ ಹುಳು ಕಾಳಿನ ಮೇಲೆ ಓಡಾಡಿಕೊಂಡು ಸಂಸಾರ ಮಾಡುವುದಿಲ್ಲ. ಹೆಣ್ಣು ಸೊಂಡಿಲಿನಿಂದ ಕಾಳಿಗೆ ತೂತು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚಿಬಿಡುತ್ತದೆ. ಮರಿಹುಳು ಹುಟ್ಟುವುದು, ತಿನ್ನುವುದು, ಕೋಶವಾಗುವುದು ಎಲ್ಲವೂ ಆ ಒಂದು ಕಾಳಿನ ಗೋಡೆಯೊಳಗೆ. ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಅದು ಗೋಡೆ ಒಡೆದು ಹೊರಬರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಆಗ. ಅಷ್ಟರಲ್ಲಿ ಕಾಳು ಟೊಳ್ಳು. ಮೇಲೆ ಹರಡಿದ ಎಲೆ ಆ ಮರಿಯನ್ನು ಮುಟ್ಟುವುದು ಹೇಗೆ? ಮರಿ ಎಲೆಯನ್ನು ತಿನ್ನುವುದಿಲ್ಲ, ಎಲೆಯ ಮೇಲೆ ನಡೆಯುವುದೂ ಇಲ್ಲ.

ಬೇವಿನ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಬಿದ್ದಾಗ ಸುತ್ತಲ ಹಸಿರೆಲ್ಲ ಬೋಳಾಗಿ ಬೇವಿನ ಮರಗಳು ಮಾತ್ರ ಉಳಿದದ್ದನ್ನು ಜರ್ಮನಿಯ ಕೀಟವಿಜ್ಞಾನಿ ಶ್ಮುಟ್ಟರರ್ ಗಮನಿಸಿದರು. ಬೇವಿನ ಮೇಲಿನ ಆಧುನಿಕ ಸಂಶೋಧನೆಗೆ ಅದು ದೊಡ್ಡ ಪ್ರೇರಣೆಯಾಯಿತು. ಆದರೆ ಮಿಡತೆ ಎಲೆ ತಿನ್ನುವ ಕೀಟ. ಬೇವಿನ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ತಿಂದ ಕೀಟಕ್ಕೆ ರುಚಿಗೆಡಿಸುತ್ತದೆ, ಪೊರೆ ಕಳಚಿ ಬೆಳೆಯುವುದನ್ನು ಕೆಡಿಸುತ್ತದೆ. ಮುಟ್ಟಿದ ಕೂಡಲೇ ಕೊಲ್ಲುವ ವಿಷ ಅದಲ್ಲ. ಅದು ಹೇರಳವಾಗಿರುವುದು ಬೀಜದ ತಿರುಳಿನಲ್ಲಿ, ಎಲೆಯಲ್ಲಿ ಅಲ್ಪ. ಬಿಸಿಲಿಗೆ ಬಿದ್ದರೆ ದಿನಗಳಲ್ಲಿ ಕರಗುತ್ತದೆ. ನೆರಳಲ್ಲಿ ಒಣಗಿಸಿದ ನಾಲ್ಕು ಹಿಡಿ ಎಲೆ ಆರು ತಿಂಗಳು ಪಣತದೊಳಗೆ ಕಾವಲು ನಿಲ್ಲುತ್ತದೆ ಎನ್ನುವುದಕ್ಕೆ ಇದರಲ್ಲಿ ಆಧಾರವೆಲ್ಲಿದೆ?

ಹಾಗಾದರೆ ಹಿಂದೆ ಹುಳು ಯಾಕೆ ಕಡಿಮೆ ಇತ್ತು? ಉತ್ತರ ಬೇಕಾದರೆ ಎಲೆಯನ್ನು ಪಕ್ಕಕ್ಕಿಟ್ಟು ಇಡೀ ಮನೆಯನ್ನು ನೋಡಬೇಕು.

ಹಿಂದೆ ಕೂಡಿಡುತ್ತಿದ್ದದ್ದು ಭತ್ತ, ಅಕ್ಕಿಯಲ್ಲ. ಬಿರುಕಿಲ್ಲದ ಗಟ್ಟಿ ಉಮಿ ಇರುವ ಭತ್ತದೊಳಗೆ ಸೊಂಡಿಲ ಹುಳುವಿಗೆ ದಾರಿಯೇ ಕಷ್ಟ. ಭತ್ತಕ್ಕೆ ನಿಜವಾದ ಶತ್ರುಗಳು ಧಾನ್ಯದ ಪತಂಗ ಮತ್ತು ಕೊರೆಯುವ ಸಣ್ಣ ದುಂಬಿ. ಅವುಗಳ ಮರಿಗಳೂ ಉಮಿಯ ಸಂದು, ಬಿರುಕುಗಳನ್ನು ಹುಡುಕಿಯೇ ಒಳನುಗ್ಗಬೇಕು. ವರ್ಷದ ಭತ್ತ ಪಣತದಲ್ಲಿ, ಬೇಕಾದಾಗ ಬೇಕಾದಷ್ಟು ಕುಟ್ಟಿಕೊಳ್ಳುವುದು, ಗಿರಣಿ ಬಂದ ಮೇಲೂ ತಿಂಗಳ ಮಟ್ಟಿಗೆ ಮಾಡಿಸಿಕೊಳ್ಳುವುದು. ಹುಳುವಿನ ಒಂದು ಪೀಳಿಗೆ ಮುಗಿಯುವುದರೊಳಗೆ ಅಕ್ಕಿ ಮುಗಿದಿರುತ್ತಿತ್ತು. ಇವತ್ತು ಗದ್ದೆ ತೋಟವಾಗಿದೆ. ಅಕ್ಕಿ ಅಂಗಡಿಯಿಂದಲೋ ಪಡಿತರದಿಂದಲೋ ಪಾಲಿಶ್ ಆಗಿ, ಪ್ಲಾಸ್ಟಿಕ್ ಚೀಲದಲ್ಲಿ, ಕೆಲವೊಮ್ಮೆ ಒಳಗೆ ಮೊಟ್ಟೆಯನ್ನೂ ಹೊತ್ತು ಬರುತ್ತದೆ. ಅದರ ಮೇಲೆ ಲಕ್ಕಿ ಸೊಪ್ಪು ಇಟ್ಟು ಹುಳು ಹೋಗಲಿಲ್ಲವೆಂದು ಪೇಚಾಡುವವರಿಗೆ ಯಾರೂ ಈ ವ್ಯತ್ಯಾಸ ಹೇಳುವುದಿಲ್ಲ.

ಇನ್ನು ಒಣಗಿಸುವುದು. ಕೊಯ್ಲಿನ ಹೊತ್ತಿಗೆ ಭತ್ತದಲ್ಲಿ ಶೇಕಡಾ 20ಕ್ಕೂ ಮೇಲೆ ತೇವ ಇರುತ್ತದೆ. ಕೂಡಿಡಬೇಕಾದರೆ ಅದು 12–13ಕ್ಕೆ ಇಳಿಯಬೇಕು. ಅಡಿಕೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಹರವುವುದರ ಗಡಿಬಿಡಿಯ ನಡುವೆಯೇ ಸಗಣಿ ಸಾರಿಸಿದ ಅಂಗಳದಲ್ಲಿ ಭತ್ತಕ್ಕೂ ಜಾಗ ಮಾಡಬೇಕು. ಬೆಳಿಗ್ಗೆ ಹರವಿ, ನಡುನಡುವೆ ಕಾಲಲ್ಲಿ ಕೆದಕಿ, ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಮುಚ್ಚಬೇಕು. ಕಾಳನ್ನು ಹಲ್ಲಿಗೆ ಕಚ್ಚಿದರೆ ಮೆತ್ತಗಾಗದೆ ಕಟ್ ಎನ್ನುವವರೆಗೂ ಇದು ನಡೆಯಬೇಕು. ಆಮೇಲೆ ಜೊಳ್ಳು ತೂರಿ, ಮುರುಕು ಕಾಳನ್ನು ಮೊರದಲ್ಲಿ ಕೇರಿ ತೆಗೆಯಬೇಕು. ಹುಳು ಮೊದಲು ಮುತ್ತುವುದು ಮುರುಕನ್ನೇ. ಹಳೆಯ ಭತ್ತದ ಒಂದು ಕಾಳೂ ಉಳಿಯದಂತೆ ಪಣತದ ಮೂಲೆ ಮೂಲೆ ಗುಡಿಸಬೇಕು. ಹೊಸ ಭತ್ತಕ್ಕೆ ಹುಳು ಬರುವುದು ಹೆಚ್ಚಾಗಿ ಆ ಮೂಲೆಯ ಹಳೆಯ ಕಾಳಿನಿಂದ. ಮಳೆಗಾಲದ ನಡುವೆ ಹೊಳವಾದ ದಿನ ನೋಡಿ ಮತ್ತೆ ಬಿಸಿಲು ಕಾಣಿಸಬೇಕು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೆಂಗಸರದ್ದು: ಮನೆಯವರದ್ದು, ಕೂಲಿಗೆ ಬಂದವರದ್ದು. ಅದನ್ನು ಯಾರೂ ಬರೆದಿಡಲಿಲ್ಲ, ಅದರ ಮೇಲೆ ಕಾರ್ಯಾಗಾರವನ್ನೂ ನಡೆಸಲಿಲ್ಲ. ಕೊನೆಗೆ ಮೇಲೆ ಹಾಸಿದ ಸೊಪ್ಪು ಕಂಡಿತು, ಕೀರ್ತಿಯೆಲ್ಲ ಅದಕ್ಕೆ ಸಂದಿತು. ನನಗೆ ಸಿಟ್ಟು ಬರುವುದು ಇಲ್ಲೇ. ಅಜ್ಜಿಯ ಹೆಸರನ್ನು ಎತ್ತಿ ಹಿಡಿಯುತ್ತಾ ಆಕೆ ಬೆನ್ನು ಬಗ್ಗಿಸಿ ಮಾಡಿದ ಕೆಲಸವನ್ನೇ ಅಳಿಸಿಹಾಕಿದ್ದೇವೆ.

ಒಲೆಯ ಮಾತೂ ಇದೆ. ಕಟ್ಟಿಗೆಯ ಒಲೆ ಉರಿಯುತ್ತಿದ್ದ ಮನೆಯಲ್ಲಿ ಪಣತವಿಡುವ ಅಟ್ಟ ಬೆಚ್ಚಗೆ ಒಣಗಿರುತ್ತಿತ್ತು. ಆಷಾಢ, ಶ್ರಾವಣದಲ್ಲಿ ನಮ್ಮಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸು ನಿಂತುಬಿಡುತ್ತದೆ. ಅಂಥ ಗಾಳಿಗೆ ತೆರೆದಿಟ್ಟ ಭತ್ತ, ಎಷ್ಟೇ ಒಣಗಿಸಿದ್ದಾಗಲಿ, ತೇವ ಹೀರಿ ಕ್ರಮೇಣ ಶೇಕಡಾ 17ರತ್ತ ಏರುತ್ತದೆ. ಗ್ಯಾಸ್ ಬಂತು, ಹೊಗೆ ಹೋಯಿತು. ಕಣ್ಣಿಗೂ ಎದೆಗೂ ಅದು ಒಳ್ಳೆಯದೇ ಆಯಿತು. ಜೊತೆಗೆ ಪಣತಕ್ಕಿದ್ದ ಬಿಸಿಯೂ ಹೋಯಿತು. ಆ ನಷ್ಟಕ್ಕೆ ಪರಿಹಾರ ಹುಡುಕಬೇಕಾದವರು ಸೊಪ್ಪಿನ ಪಟ್ಟಿ ಓದುತ್ತಿದ್ದೇವೆ.

ಸೊಪ್ಪಿನಿಂದ ಲಾಭವಿಲ್ಲದಿದ್ದರೂ ನಷ್ಟವಿಲ್ಲವಲ್ಲ ಎನ್ನುವವರಿದ್ದಾರೆ. ನಷ್ಟವಿದೆ. ಹಸಿ ಎಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದನ್ನು ಒಣ ಭತ್ತದ ನಡುವೆ ಸೇರಿಸಿದರೆ ಆ ನೀರು ಸುತ್ತಲಿನ ಕಾಳಿಗೆ ಹೋಗುತ್ತದೆ. ಕಷಾಯವನ್ನು ಕಾಳಿನ ಮೇಲೇ ಚಿಮುಕಿಸಿ ಎನ್ನುವ ಸಲಹೆಯಂತೂ ಒಣಗಿಸಿದ ಶ್ರಮವನ್ನು ನೀರಿಗೆ ಹಾಕಿದಂತೆ. ತೇವ ಸಿಕ್ಕ ಕಾಳಿನಲ್ಲಿ ಹುಳು ಬೇಗ ಮರಿಮಾಡುತ್ತದೆ. ಮತ್ತೆ, ಹುಳುವಿಗಿಂತ ಕೆಟ್ಟದ್ದು ಬೂಷ್ಟು. ಹುಳುವನ್ನು ಜರಡಿ ಹಿಡಿಯಬಹುದು. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ತೊಳೆದರೆ ಪೂರ್ತಿ ಹೋಗದು, ಬೇಯಿಸಿದರೂ ನಾಶವಾಗದು, ಯಕೃತ್ತನ್ನು ಹಾಳುಮಾಡುತ್ತದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರು ಮಂದಿಯ ಆಸುಪಾಸು ಜನ ಸತ್ತರು. ಅಲ್ಲಿ ಸೊಪ್ಪಿನ ಪಾತ್ರವಿರಲಿಲ್ಲ, ತೇವದ್ದು ಇತ್ತು. ಧಾನ್ಯಕ್ಕೆ ತೇವ ಸೇರಿಸುವ ಯಾವ ಉಪಾಯವನ್ನೂ ನಿರಪಾಯವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ವಿಜ್ಞಾನಿಗಳೇ ಹೇಳಿದ್ದಾರಲ್ಲ ಎಂಬ ವಾದ ಬರುತ್ತದೆ. ನಿಜ, ಲಕ್ಕಿ, ಬಜೆ, ಸೀತಾಫಲದ ಬೀಜ, ಬೆಳ್ಳುಳ್ಳಿ, ಅರಿಶಿನ, ಮಜ್ಜಿಗೆಹುಲ್ಲಿನ ಎಣ್ಣೆಗಳ ಮೇಲೆ ದೇಶದ ಉದ್ದಗಲಕ್ಕೂ ಪ್ರಬಂಧಗಳಿವೆ. ಅವುಗಳನ್ನು ಸುಳ್ಳೆನ್ನುವುದಿಲ್ಲ. ಅವು ಏನನ್ನು ಅಳೆದಿವೆ ಎಂದು ಕೇಳುತ್ತೇನೆ. ಅನೇಕ ಪ್ರಯೋಗಗಳು ನಡೆಯುವುದು ಮುಚ್ಚಳ ಬಿಗಿದ ಸಣ್ಣ ಗಾಜಿನ ಪಾತ್ರೆಯಲ್ಲಿ, ಹಿಡಿಯಷ್ಟು ಕಾಳಿನಲ್ಲಿ, ಎಣಿಸಿ ಬಿಟ್ಟ ಕೆಲವು ಹುಳುಗಳ ಮೇಲೆ. ಆ ಪಾತ್ರೆಯಲ್ಲಿ ಎಣ್ಣೆಯ ಆವಿ ಎಲ್ಲೂ ಹೋಗದು. ಹಲಗೆಯ ಸಂದಿರುವ ಪಣತದಲ್ಲಿ ಅದು ನಿಲ್ಲದು, ಉಳಿದದ್ದನ್ನು ಕಾಳಿನ ರಾಶಿಯೇ ಹೀರಿಕೊಳ್ಳುತ್ತದೆ. ಇನ್ನೊಂದು ಬಗೆಯ ಪ್ರಯೋಗದಲ್ಲಿ ಒಂದು ಕಡೆ ಸೊಪ್ಪು ಬೆರೆಸಿದ ಕಾಳು, ಇನ್ನೊಂದು ಕಡೆ ಬೆರೆಸದ ಕಾಳು ಇಟ್ಟು ಹುಳು ಎತ್ತ ಹೋಗುತ್ತದೆಂದು ನೋಡುತ್ತಾರೆ. ಹುಳು ಸೊಪ್ಪಿಲ್ಲದ ಕಡೆ ಹೋಗುತ್ತದೆ, ವಿಕರ್ಷಕ ಗುಣ ಸಾಬೀತಾಗುತ್ತದೆ. ನಮ್ಮ ಪಣತದಲ್ಲಿ ಸೊಪ್ಪಿಲ್ಲದ ಇನ್ನೊಂದು ಕಡೆ ಎಲ್ಲಿದೆ? ವಾಸನೆ ಹಿಡಿಸದಿದ್ದರೂ ಅದು ಅಲ್ಲೇ ಉಣ್ಣುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ.

ಪ್ರಮಾಣದ ಲೆಕ್ಕವನ್ನೂ ಹಾಕಿ ನೋಡಿ. ಇಂಥ ಪ್ರಯೋಗಗಳಲ್ಲಿ ಒಣ ಪುಡಿಯನ್ನು ಕಾಳಿನ ತೂಕದ ಶೇಕಡಾ 1ರಿಂದ 5ರಷ್ಟು ಬೆರೆಸುವುದು ಸಾಮಾನ್ಯ. ಶೇಕಡಾ 2 ಎಂದೇ ಇಟ್ಟುಕೊಳ್ಳೋಣ. 20 ಕ್ವಿಂಟಲ್ ಭತ್ತ ಇಡುವ ಮನೆಗೆ 40 ಕಿಲೋ ನುಣ್ಣನೆಯ ಪುಡಿ ಬೇಕು. ಅದಕ್ಕೆ ಕ್ವಿಂಟಲ್ಲಿಗೂ ಮೀರಿದ ಹಸಿ ಸೊಪ್ಪು ಕೊಯ್ದು, ಒಣಗಿಸಿ, ಪುಡಿಮಾಡಬೇಕು. ಸಾವಯವದ ಕಾರ್ಯಾಗಾರಗಳಲ್ಲಿ ಹೇಳುವುದು ನಾಲ್ಕು ಹಿಡಿ. ಪ್ರಬಂಧದ ಫಲಿತಾಂಶವನ್ನೂ ಜಗಲಿಯ ಪ್ರಮಾಣವನ್ನೂ ಒಂದೇ ಉಸಿರಿನಲ್ಲಿ ಹೇಳಿ ಎರಡೂ ಒಂದೇ ಎಂಬಂತೆ ನಂಬಿಸುವುದು ರೈತನಿಗೆ ಮಾಡುವ ಮೋಸ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಪ್ರಮಾಣ ಹೆಚ್ಚಿಸಿದರೆ ಆಯಿತಲ್ಲವೇ? ಆಗ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಗಿಡದ್ದೆಲ್ಲ ನಿರಪಾಯ ಎಂಬ ನಂಬಿಕೆಯದ್ದು. ಬಜೆಯನ್ನೇ ತೆಗೆದುಕೊಳ್ಳಿ. ಈ ಪಟ್ಟಿಯಲ್ಲಿ ನಿಜವಾಗಿಯೂ ಹುಳು ಕೊಲ್ಲುವ ಬೇರು ಅದು. ಧಾನ್ಯದ ಹುಳುಗಳ ಮೇಲೆ ಅದರ ಪರಿಣಾಮ ಮತ್ತೆ ಮತ್ತೆ ಕಂಡಿದೆ. ಕೊಲ್ಲುವ ಅಂಶ ಬೀಟಾ ಅಸರೋನ್. ನಮ್ಮ ದೇಶದ ಬಜೆಯಲ್ಲಿ ಅದು ವಿಶೇಷವಾಗಿ ಹೆಚ್ಚು. ಪ್ರಾಣಿಗಳಲ್ಲಿ ಅದು ಗಡ್ಡೆ ತರುತ್ತದೆಂದು ಗೊತ್ತಾದ ಮೇಲೆ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಮಗುವಿಗೆ ತೇಯ್ದು ನೆಕ್ಕಿಸುವ ಒಂದು ಗೆರೆಯ ಮಾತು ಬೇರೆ. ವರ್ಷವಿಡೀ ಉಣ್ಣುವ ಅಕ್ಕಿಗೆ ಸೇರುಗಟ್ಟಲೆ ಪುಡಿ ಬೆರೆಸುವ ಮಾತು ಬೇರೆ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ, ಹೊಗೆಸೊಪ್ಪಿನಲ್ಲಿ ನಿಕೋಟಿನ್ ಇದೆ. ಎರಡೂ ಘೋರ ವಿಷಗಳು, ಎರಡೂ ಗಿಡದ್ದೇ. ಡೆರಿಸ್ ಬಳ್ಳಿಯ ಬೇರಿನಿಂದ ಬರುವ ರೊಟೆನೋನ್ ಎಷ್ಟೋ ವರ್ಷ ಸಾವಯವ ಬೇಸಾಯದಲ್ಲಿ ಒಪ್ಪಿಗೆ ಪಡೆದ ಕೀಟನಾಶಕವಾಗಿತ್ತು. 2000ದಲ್ಲಿ ಅದು ಇಲಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥ ಲಕ್ಷಣ ತರುತ್ತದೆಂದು ಅಮೆರಿಕದ ಸಂಶೋಧಕರು ತೋರಿಸಿದರು. ಗಿಡ ತನ್ನನ್ನು ತಿನ್ನಬಂದವರನ್ನು ದೂರವಿಡಲು ಈ ವಿಷಗಳನ್ನು ಇಟ್ಟುಕೊಂಡಿದೆ. ಹುಳುವಿಗೆ ಮಾತ್ರ ವಿಷವಾಗಿ ಮನುಷ್ಯನಿಗೆ ಅಮೃತವಾಗಬೇಕೆಂಬ ಕರಾರನ್ನು ಅದು ನಮಗೆ ಬರೆದುಕೊಟ್ಟಿಲ್ಲ.

ಹೀಗೆಂದರೆ ಬೇವಿನ ಪೇಟೆಂಟ್ ಹೋರಾಟವನ್ನು ಎದುರಿಗಿಡುತ್ತಾರೆ: ಇಡೀ ಜಗತ್ತೇ ನಮ್ಮ ಬೇವಿಗೆ ತಲೆಬಾಗಿತು, ನೀವು ಸಂಶಯ ಪಡುತ್ತೀರಿ. ಆ ಹೋರಾಟದ ಬಗ್ಗೆ ನನಗೆ ಹೆಮ್ಮೆಯೇ ಇದೆ. ಅಮೆರಿಕದ ಡಬ್ಲ್ಯೂ.ಆರ್. ಗ್ರೇಸ್ ಕಂಪನಿ ತುಮಕೂರಿನಲ್ಲಿ ಬೇವಿನ ಬೀಜದ ವ್ಯವಹಾರದಲ್ಲಿ ಕೈಜೋಡಿಸಿದ್ದ ಕಾಲದಲ್ಲಿ ನಂಜುಂಡಸ್ವಾಮಿಯವರ ರೈತಸಂಘ ಅದರ ವಿರುದ್ಧ ದನಿ ಎತ್ತಿತು. ವಂದನಾ ಶಿವ ಮತ್ತು ಜೊತೆಗಾರರು ಯುರೋಪಿನ ಪೇಟೆಂಟ್ ಕಚೇರಿಯಲ್ಲಿ ಗ್ರೇಸ್‌ನ ಪೇಟೆಂಟನ್ನು ಪ್ರಶ್ನಿಸಿದರು. 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಆ ತೀರ್ಪು ಖಾಯಂ ಆಯಿತು. ಆದರೆ ಆ ಪೇಟೆಂಟ್ ಇದ್ದದ್ದು ಬೀಜದ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ತಡೆಯುವ ವಿಧಾನದ ಮೇಲೆ. ಎಲೆಯ ಪ್ರಶ್ನೆ ಅಲ್ಲಿರಲಿಲ್ಲ, ಪಣತದ ಹುಳುವಿನದ್ದೂ ಇರಲಿಲ್ಲ. ಇದು ಹೊಸದಲ್ಲ, ಭಾರತದವರಿಗೆ ಮೊದಲೇ ಗೊತ್ತಿತ್ತು ಎಂದು ನಾವು ಗೆದ್ದೆವು. ಜ್ಞಾನ ಯಾರದ್ದು ಎಂಬ ವ್ಯಾಜ್ಯದಲ್ಲಿ ಗೆದ್ದದ್ದನ್ನು ಭತ್ತದಲ್ಲಿ ಬೇವಿನೆಲೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ತರುವುದು ಆ ಹೋರಾಟಕ್ಕೂ ಗೌರವವಲ್ಲ.

ಸಸ್ಯಮೂಲದ ಉಪಾಯಗಳಲ್ಲಿ ಗಟ್ಟಿಯಾಗಿ ನಿಂತದ್ದೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಹೆಸರು, ಅಲಸಂದೆಯಂಥ ಇಡೀ ಕಾಳಿಗೆ ಹರಳೆಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಕಿಲೋಗೆ 5 ಮಿ.ಲೀ.ಯಷ್ಟು ಸವರಿದರೆ ದುಂಬಿ ಕಾಳಿನ ಮೇಲೆ ಅಂಟಿಸುವ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಇಲ್ಲಿ ಕಾರಣ ಗೊತ್ತು, ಪ್ರಮಾಣ ಗೊತ್ತು, ಎಣ್ಣೆ ತಿನ್ನುವಂಥದ್ದೇ. ಬಯಲುಸೀಮೆಯವರು ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟುವುದರ ಹಿಂದೆಯೂ ಇಂಥದ್ದೇ ಕಾರಣವಿದೆ: ಮಣ್ಣಿನ ನುಣ್ಣನೆ ಕಣ ಹುಳುವಿನ ಮೈಮೇಲಿನ ಮೇಣದ ಪದರವನ್ನು ಕೆರೆದುಹಾಕುತ್ತದೆ, ಮೈಯ ನೀರು ಆರಿ ಹುಳು ಸಾಯುತ್ತದೆ. ಬಯಲುಸೀಮೆಯ ಹಗೇವು ಇನ್ನೂ ದೊಡ್ಡ ಉಪಾಯ. ನೆಲದೊಳಗೆ ಮುಚ್ಚಿದ ಜೋಳ ಮತ್ತು ಹುಳು ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಹುಳು ಬದುಕದು; ಅದಕ್ಕೇ ಆಗತಾನೇ ತೆರೆದ ಹಗೇವಿಗೆ ಮನುಷ್ಯ ಇಳಿದರೂ ಪ್ರಾಣಕ್ಕೆ ಅಪಾಯ. ನೆಲ ಅಗೆದಲ್ಲಿ ನೀರು ಜಿನುಗುವ ಯಲ್ಲಾಪುರಕ್ಕೆ ಹಗೇವು ಸಲ್ಲದು, ಆದರೆ ಅದೇ ತತ್ವದ ಗಾಳಿಯಾಡದ ಚೀಲ, ಬಾಯಿತನಕ ತುಂಬಿ ಬಿಗಿ ಮುಚ್ಚಿದ ಡ್ರಮ್ಮು ಸಲ್ಲುತ್ತದೆ, ಕಾಳು ಚೆನ್ನಾಗಿ ಒಣಗಿದ್ದರೆ. ನಮ್ಮ ಹಿಂದಿನವರ ಬುದ್ಧಿವಂತಿಕೆ ಇಂಥ ಕಡೆ ಇದೆ.

ಇದನ್ನೆಲ್ಲ ಓದಿ ನಾನು ಮಾತ್ರೆಯ ಪರ ಎಂದು ಯಾರೂ ತಿಳಿಯಬಾರದು. ಅಲ್ಯುಮಿನಿಯಂ ಫಾಸ್ಫೈಡಿನ 3 ಗ್ರಾಂ ಮಾತ್ರೆ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಹಲಗೆಯ ಸಂದಿನಿಂದ ಮಲಗುವ ಕೋಣೆಗೂ ಬರುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಕಾನೂನಿನಂತೆ ಅದು ಪರಿಣತರ ಕೈಯಲ್ಲಿ ಮಾತ್ರ ಇರಬೇಕಾದ್ದು. ಮನೆಯ ಪಣತಕ್ಕೆ ಅದನ್ನು ಹಾಕುವುದನ್ನು ನಾನು ಖಂಡಿಸುತ್ತೇನೆ. ಆದರೆ ಸೊಪ್ಪು ಹಾಕಿ ನಂಬಿ ಕೂತವನ ಭತ್ತ ಭಾದ್ರಪದದಲ್ಲಿ ಕುಟ್ಟೆಯಾದಾಗ ಅವನು ಓಡುವುದು ಆ ಮಾತ್ರೆಗೇ. ಕೆಲಸ ಮಾಡದ ಪರ್ಯಾಯ ವಿಷಕ್ಕೆ ಗಿರಾಕಿ ಹುಟ್ಟಿಸುತ್ತದೆ.

ನಮ್ಮ ಸೀಮೆ ಲೆಕ್ಕ ಕೇಳಲು ಹೆದರಿದ್ದಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಇಲ್ಲಿನ ಜನ ಕಾಡಿನ ಹೆಸರಲ್ಲಿ ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. 1981ರಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿ ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು ಕರೆಸಿ ಕೂರಿಸಿ, ಮುಳುಗುವ ತೋಟವೆಷ್ಟು, ಕಾಡೆಷ್ಟು, ಲಾಭವೆಷ್ಟು, ನಷ್ಟವೆಷ್ಟು ಎಂದು ಅಂಕಿ ಮುಂದಿಟ್ಟು ಚರ್ಚಿಸಿತು. ಆ ಯೋಜನೆ ನಿಂತಿತು. ಸರ್ಕಾರದ ಅಂಕಿಯನ್ನು ಅಷ್ಟು ಬಿಗಿಯಾಗಿ ಪರೀಕ್ಷಿಸಿದ ನಾವು ನಮ್ಮದೇ ಪಣತದ ಬಗ್ಗೆ ಕೇಳಿದ್ದನ್ನೆಲ್ಲ ನಂಬುವುದು ಸರಿಯೇ?

ಪರೀಕ್ಷೆ ಕಷ್ಟದ್ದೂ ಅಲ್ಲ. ಒಂದು ಮನೆಯವರು ಒಂದೇ ಗದ್ದೆಯ, ಒಂದೇ ತಳಿಯ, ಒಂದೇ ದಿನ ಒಣಗಿಸಿದ ಭತ್ತವನ್ನು ಮೂರು ಪಾಲು ಮಾಡಿ ಒಂದೇ ಅಟ್ಟದಲ್ಲಿ ಇಡಲಿ: ಒಂದಕ್ಕೆ ಸೊಪ್ಪು, ಒಂದಕ್ಕೆ ಏನೂ ಇಲ್ಲ, ಒಂದು ಗಾಳಿಯಾಡದ ಚೀಲದಲ್ಲಿ. ತುಂಬುವ ಮೊದಲು ತೇವ ನೋಡಲಿ. ಮಾಪಕ ಇಲ್ಲದಿದ್ದರೆ ಹುರಿದು ಒಣಗಿಸಿದ ಉಪ್ಪಿನ ಜೊತೆ ಹಿಡಿ ಭತ್ತವನ್ನು ಗಾಜಿನ ಬಾಟಲಿಗೆ ಹಾಕಿ ಕುಲುಕಿ ಕಾಲು ಗಂಟೆ ಬಿಡಲಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡಾ 15 ಮೀರಿದೆ, ಇನ್ನೂ ಒಣಗಬೇಕು. ತಿಂಗಳಿಗೊಮ್ಮೆ ಪ್ರತಿ ಪಾಲಿನಿಂದ 1000 ಕಾಳು ತೆಗೆದು ತೂತು ಬಿದ್ದವನ್ನು ಎಣಿಸಿ ಬರೆಯಲಿ, ಶ್ರಾವಣ ಮುಗಿಯುವ ತನಕ. ಇಂಥ ಹತ್ತು ಮನೆಗಳ ಲೆಕ್ಕವನ್ನು ಶಿರಸಿಯ ಕೃಷಿ ವಿಜ್ಞಾನ ಕೇಂದ್ರವೋ ಸೊಸೈಟಿಗಳೋ ಒಟ್ಟುಗೂಡಿಸಿ ಅಚ್ಚುಹಾಕಲಿ. ಲಕ್ಕಿ ಸೊಪ್ಪು ಗೆದ್ದರೆ ಅದರ ಪ್ರಮಾಣವನ್ನೂ ವಿಧಾನವನ್ನೂ ಮನೆಮನೆಗೆ ಹೇಳಲು ನಾನೇ ಹೋಗುತ್ತೇನೆ. ನಂದೊಳ್ಳಿಯ ಸುತ್ತ ಭತ್ತ ಬೆಳೆದು ಕೂಡಿಡುವ ಮನೆಗಳು ಕಡಿಮೆಯಾಗಿವೆ, ಇಲ್ಲವೇ ಇಲ್ಲವೆನ್ನುವಷ್ಟಲ್ಲ. ಬರುವ ಸುಗ್ಗಿಗೇ ಶುರುಮಾಡಬಹುದು, ಅಂಗಳ ಸಾರಿಸುವ ಮೊದಲು ಯಾವ ಮನೆಯಲ್ಲೆಂದು ಗೊತ್ತಾದರೆ ಸಾಕು.